‘ತಡ್ಕೋ’ ಮತ್ತು ‘ತೆಗೆಸ್ಕೋ’ ನಡುವೆ

(ಮಹಿಳಾ ಆರೋಗ್ಯ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆಹ್ವಾನಪತ್ರಿಕೆಯಲ್ಲಿ ನನ್ನ ವಿಷಯ ‘ಮಹಿಳೆ ಮತ್ತು ಆರೋಗ್ಯ’ ಎಂದು ಅಚ್ಚಾಗಿದೆ. ನಾನು ಬರೆದು ಕಳಿಸಿದ್ದು ‘ತೀವ್ರ ಮುಟ್ಟುನೋವು: ಕಾರಣಗಳು, ಬಗೆಗಳು’ ಎಂದು. ನಡುವೆ ಯಾರೋ ಅದನ್ನು ಮೆತ್ತಗೆ ಮಾಡಿದ್ದಾರೆ. ಬೇಸರವಿಲ್ಲ. ಮಾತು ಮಾತ್ರ ನಾನು ಕಳಿಸಿದ ವಿಷಯದ ಮೇಲೆಯೇ.

ಸ್ತ್ರೀರೋಗ ತಜ್ಞೆಯಾಗಿ ನಾನು ಈ ನೋವಿನ ಬಗ್ಗೆ ಕೇಳುತ್ತ ಬಂದಿರುವ ಬುದ್ಧಿಮಾತುಗಳು ಮುಖ್ಯವಾಗಿ ಎರಡು. ಹದಿನಾರರ ಹುಡುಗಿಗೆ ಮನೆಯವರು ಹೇಳುವುದು ‘ತಡ್ಕೋ’. ಮೂವತ್ತೈದರ ಹೆಂಗಸಿಗೆ ನೆರೆಯವರು, ಕೆಲವೊಮ್ಮೆ ನನ್ನ ವೃತ್ತಿಯವರೇ, ಹೇಳುವುದು ‘ತೆಗೆಸ್ಕೋ’, ಅಂದರೆ ಗರ್ಭಕೋಶವನ್ನೇ. ಒಂದು ಏನೂ ಮಾಡಬೇಡ ಎನ್ನುತ್ತದೆ, ಇನ್ನೊಂದು ಮಾಡಬಹುದಾದದ್ದರಲ್ಲಿ ಅತಿ ದೊಡ್ಡದನ್ನು ಮಾಡು ಎನ್ನುತ್ತದೆ. ಎರಡರಲ್ಲೂ ಬಿಟ್ಟುಹೋಗಿರುವುದು ಒಂದೇ ಪ್ರಶ್ನೆ: ಈ ನೋವು ಯಾತರಿಂದ ಬಂತು? ‘ಮುಟ್ಟಿನ ಹೊಟ್ಟೆನೋವು’ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರ ಒಳಗೆ ಏಳೆಂಟು ಬೇರೆ ಬೇರೆ ಸಂಗತಿಗಳಿವೆ. ಒಂದಕ್ಕೆ ಮಾತ್ರೆ ಸಾಕು, ಒಂದಕ್ಕೆ ಹತ್ತು ನಿಮಿಷದ ಸಣ್ಣ ಶಸ್ತ್ರಚಿಕಿತ್ಸೆ ಸಾಕು, ಇನ್ನೊಂದಕ್ಕೆ ವರ್ಷಗಟ್ಟಲೆ ಚಿಕಿತ್ಸೆ ಬೇಕು.

ಬೇರ್ಪಡಿಸುವುದು ಹೇಗೆ? ನೋವು ಎಷ್ಟು ಎಂದು ಕೇಳಿದರೆ ಹೆಚ್ಚೇನೂ ತಿಳಿಯುವುದಿಲ್ಲ, ಯಾವಾಗ ಎಂದು ಕೇಳಬೇಕು. ಚರಕಸಂಹಿತೆ ಹೇಳುವ ಇಪ್ಪತ್ತು ಯೋನಿರೋಗಗಳಲ್ಲಿ ಉದಾವರ್ತಿನಿ ಎಂಬುದೊಂದಿದೆ. ಅದರ ಗುರುತು, ಕಷ್ಟದ ನೋವಿದ್ದು ಮುಟ್ಟಿನ ರಕ್ತ ಹರಿದೊಡನೆ ಹಾಯೆನ್ನಿಸುವುದು. ಕಾರಣವನ್ನು ಆ ಕಾಲದ ವೈದ್ಯರು ವಾಯುವಿನ ಲೆಕ್ಕದಲ್ಲಿ ಹೇಳಿದರು, ಅದು ಬೇರೆ ಮಾತು. ನೋವು ಬರುವ ಹೊತ್ತು ಮತ್ತು ಬಿಡುವ ಹೊತ್ತನ್ನು ಗಮನಿಸಿದ್ದಾರಲ್ಲ, ಅದು ಒಳ್ಳೆಯ ವೈದ್ಯರ ಲಕ್ಷಣ. ಇವತ್ತಿಗೂ ನನ್ನ ಮೊದಲ ಪ್ರಶ್ನೆ ಅದೇ.

ಮೊದಲು ಎಲ್ಲಕ್ಕಿಂತ ಸಾಮಾನ್ಯವಾದ ಬಗೆ. ಗರ್ಭಕೋಶದಲ್ಲಿ ಯಾವ ರೋಗವೂ ಇಲ್ಲದೆ ಬರುವ ನೋವು ಇದು, ನಾವು ಪ್ರಾಥಮಿಕ ಮುಟ್ಟುನೋವು ಎನ್ನುತ್ತೇವೆ. ರೋಗವಿಲ್ಲ ಅಂದಮಾತ್ರಕ್ಕೆ ನೋವು ಸುಳ್ಳಲ್ಲ. ಅಂಡಾಣು ಬಿಡುಗಡೆಯಾಗಿ ಬಸಿರು ನಿಲ್ಲದಿದ್ದಾಗ ಪ್ರೊಜೆಸ್ಟರಾನ್ ಹಾರ್ಮೋನು ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರದ ಕಣಗಳಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುತ್ತವೆ. ಅವು ಗರ್ಭಕೋಶದ ಸ್ನಾಯುವನ್ನು ಬಿಗಿಯುತ್ತವೆ, ರಕ್ತನಾಳಗಳನ್ನೂ ಕಿರಿದಾಗಿಸುತ್ತವೆ. ತೀವ್ರ ನೋವಿರುವವರಲ್ಲಿ ಗರ್ಭಕೋಶದೊಳಗಿನ ಒತ್ತಡ 150 ಮಿಲಿಮೀಟರ್ ಪಾದರಸವನ್ನೂ ಮೀರುವುದುಂಟು. ಹದಿಹರೆಯದ ಹುಡುಗಿಯರಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸುಮಾರು 110 ಇರುತ್ತದೆ. ಅಂದರೆ ಆ ಕ್ಷಣಗಳಲ್ಲಿ ಸ್ನಾಯುವಿನೊಳಕ್ಕೆ ರಕ್ತ ಹೋಗುವುದಕ್ಕೇ ದಾರಿಯಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬರುವ ಎದೆನೋವಿನ ಮೂಲವೂ ಇಂಥದೇ. ಗಂಡಸೊಬ್ಬ ಎದೆ ಹಿಡಿದುಕೊಂಡರೆ ಮನೆಯವರು ಆಂಬುಲೆನ್ಸ್ ಕರೆಯುತ್ತಾರೆ, ಹುಡುಗಿ ಕಿಬ್ಬೊಟ್ಟೆ ಹಿಡಿದುಕೊಂಡರೆ ‘ನಾಳೆ ಪರೀಕ್ಷೆ ಅಂತ ನೆಪ’ ಎನ್ನುತ್ತಾರೆ. ಮುಟ್ಟುನೋವು ಪ್ರಾಣಕ್ಕೆ ಎರವಾಗುವುದಿಲ್ಲ ನಿಜ, ಆದರೆ ನರಗಳಿಗೆ ಈ ವ್ಯತ್ಯಾಸ ಗೊತ್ತಿಲ್ಲ.

ಅದೇ ರಾಸಾಯನಿಕ ಕರುಳಿಗೂ ರಕ್ತಕ್ಕೂ ಸೇರುವುದರಿಂದ ಭೇದಿ, ವಾಂತಿ, ತಲೆನೋವು, ಕಾಲಿನ ಸೆಳೆತ. ಮೊದಲ ದಿನ ಏನೂ ತಿನ್ನಲಾರದೆ ಒದ್ದಾಡುವ ಹುಡುಗಿಗೆ ‘ಹೊರಗಿನ ಪಾನಿಪುರಿ ತಿಂದಿದ್ದಕ್ಕೆ ಹೀಗೆ’ ಎಂದು ಬೈಯುವ ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಇನ್ನೊಂದು ಸಂಗತಿಯಿಂದ ಹುಡುಗಿಯರ ಮೇಲೆ ಅನುಮಾನ ಬರುತ್ತದೆ. ಮೈನೆರೆದ ಹೊಸದರಲ್ಲಿ ನೋವು ಇರುವುದಿಲ್ಲ. ಆರು ತಿಂಗಳೋ ವರ್ಷವೋ, ಕೆಲವರಿಗೆ ಎರಡು ವರ್ಷವೋ ಕಳೆದಮೇಲೆ ಶುರುವಾಗುತ್ತದೆ. ‘ಮೊದಲೆಲ್ಲ ಚೆನ್ನಾಗೇ ಇದ್ದಳು ಡಾಕ್ಟ್ರೆ, ಹೈಸ್ಕೂಲಿಗೆ ಬಂದಮೇಲೆ ಈ ನಾಟಕ’ ಎಂಬ ಮಾತು ಆಗ ಬರುತ್ತದೆ. ನಾಟಕವಲ್ಲ. ಆರಂಭದ ತಿಂಗಳುಗಳಲ್ಲಿ ಬಹಳಷ್ಟು ಸಲ ಅಂಡಾಣು ಬಿಡುಗಡೆಯಾಗದೆಯೇ ಮುಟ್ಟಾಗುತ್ತದೆ. ಅಂಡಾಣು ಇಲ್ಲದಿದ್ದರೆ ಪ್ರೊಜೆಸ್ಟರಾನಿನ ಏರಿಳಿತವಿಲ್ಲ, ಆ ಪ್ರಮಾಣದ ಪ್ರೋಸ್ಟಗ್ಲಾಂಡಿನ್ ಕೂಡ ಇಲ್ಲ. ಚಕ್ರ ಸರಿಯಾಗಿ ಕೂತಾಗಲೇ ನೋವು ಶುರು. ಇದೇ ಕಾರಣಕ್ಕೆ, ಈಚೆಗೆ ಎಲ್ಲರ ಬಾಯಲ್ಲೂ ಇರುವ ಪಿಸಿಓಡಿಗೂ ಮುಟ್ಟುನೋವಿಗೂ ನೇರ ನಂಟು ಕಡಿಮೆ. ಅದರಲ್ಲಿ ಮುಟ್ಟು ತಪ್ಪುವುದೇ ಮುಖ್ಯ ತೊಂದರೆ. ಸ್ಕ್ಯಾನಿನಲ್ಲಿ ‘ಪಿಸಿಓಡಿ’ ಎಂದು ಬರೆದಿದ್ದರೆ ನೋವಿನ ಕಾರಣ ಸಿಕ್ಕಿತೆಂದು ನಿರಾಳವಾಗಬೇಡಿ.

ಇದೆಲ್ಲ ನಮಗೆ ತಿಳಿದು ಬಹಳ ಕಾಲವಾಗಿಲ್ಲ. 1957ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಪಿಕಲ್ಸ್ ಎಂಬ ವಿಜ್ಞಾನಿ, ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಸಂಕುಚಿಸುವ ಪದಾರ್ಥವೊಂದಿದೆ ಎಂದು ತೋರಿಸಿದ. ಆ ಸ್ರಾವವನ್ನು ಪ್ರಯೋಗಶಾಲೆಗೆ ತರಬಹುದು ಎಂದು ಅಲ್ಲಿಯವರೆಗೆ ಹೆಚ್ಚು ಜನಕ್ಕೆ ಹೊಳೆದಿರಲೇ ಇಲ್ಲ. 1971ರಲ್ಲಿ ಇನ್ನೊಬ್ಬ ವಿಜ್ಞಾನಿ ಜಾನ್ ವೇನ್, ಆಸ್ಪಿರಿನ್‌ನಂಥ ಔಷಧಗಳು ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತವೆ ಎಂದು ಕಂಡುಕೊಂಡ. 1982ರಲ್ಲಿ ಬರ್ಗ್‌ಸ್ಟ್ರೋಮ್, ಸ್ಯಾಮ್ಯುಯೆಲ್ಸನ್ ಅವರೊಡನೆ ಆತನಿಗೆ ನೊಬೆಲ್ ಬಂತು. ಈ ಶೋಧಗಳಿಗೆ ಮುಂಚಿನ ಪಠ್ಯಪುಸ್ತಕಗಳಲ್ಲಿ ಈ ನೋವಿಗೆ ಹುಡುಗಿಯ ಮನಸ್ಸೇ ಕಾರಣ, ಹೆಣ್ತನವನ್ನು ಒಪ್ಪಿಕೊಳ್ಳಲಾರದ ಸ್ವಭಾವ ಕಾರಣ ಎಂಬಂಥ ಮಾತುಗಳು ಗಂಭೀರವಾಗಿ ಅಚ್ಚಾಗುತ್ತಿದ್ದವು.

ವೇನ್‌ನ ಶೋಧದಿಂದ ಅಡುಗೆಮನೆಯ ಡಬ್ಬಿಯಲ್ಲಿರುವ ಮಾತ್ರೆಯನ್ನು ಯಾವಾಗ ನುಂಗಬೇಕು ಎಂಬುದೂ ತಿಳಿಯುತ್ತದೆ. ಮೆಫೆನಾಮಿಕ್ ಆಮ್ಲ, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಇವು ಹೊಸ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ, ಆಗಲೇ ತಯಾರಾಗಿರುವುದನ್ನು ಅಳಿಸುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಮಾಡುವುದು ತದ್ವಿರುದ್ಧ. ತಡೆಯುವಷ್ಟು ತಡೆದು, ಕೈಲಾಗದಾಗ, ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ಅಷ್ಟು ಹೊತ್ತಿಗೆ ವಾಂತಿ ಶುರುವಾಗಿರುತ್ತದೆ, ಮಾತ್ರೆಯೂ ಹೊರಗೆ. ಆಮೇಲೆ ‘ನನಗೆ ಮಾತ್ರೆ ಹಿಡಿಸೋಲ್ಲ’ ಎಂಬ ತೀರ್ಮಾನ. ನೋವಿನ ಸುಳಿವು ಸಿಕ್ಕೊಡನೆ, ಏನಾದರೂ ತಿಂದು, ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಅಂತರದಲ್ಲಿ ಎರಡು ಮೂರು ದಿನ ತೆಗೆದುಕೊಂಡರೆ ಬಹುಪಾಲು ಹುಡುಗಿಯರು ಕಾಲೇಜಿಗೆ ಹೋಗಬಲ್ಲರು. ಚಟವಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ.

ಹಾಗೆಂದು ಇದು ಪೆಪ್ಪರ್‌ಮಿಂಟಲ್ಲ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಕಾಯಿಲೆ ಇರುವವರು, ಆಸ್ಪಿರಿನ್ ತೆಗೆದುಕೊಂಡರೆ ಉಬ್ಬಸ ಏಳುವವರು ಇದರ ತಂಟೆಗೆ ಹೋಗಬಾರದು. ಡೆಂಗಿ ಜ್ವರದ ಅನುಮಾನವಿದ್ದಾಗಲೂ ಬೇಡ. 2023ರ ನವೆಂಬರ್ 30ರಂದು ಭಾರತೀಯ ಔಷಧಕೋಶ ಆಯೋಗ ಮೆಫೆನಾಮಿಕ್ ಆಮ್ಲದ (ಅಂಗಡಿಯಲ್ಲಿ ಮೆಫ್ಟಾಲ್ ಎಂದು ಸಿಗುವುದು) ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಲ್ಲಿ ಜ್ವರ, ಮೈಮೇಲೆ ದದ್ದು, ಗ್ರಂಥಿಗಳ ಊತದೊಂದಿಗೆ ತೀವ್ರ ಅಲರ್ಜಿ ಕಾಣಿಸಿಕೊಳ್ಳಬಹುದು. ಆ ವಾರ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ‘ಮೆಫ್ಟಾಲ್ ವಿಷ’ ಎಂದು ಸುದ್ದಿ. ವಿಷವಲ್ಲ. ಮಾತ್ರೆ ಶುರುಮಾಡಿದ ಮೇಲೆ ಜ್ವರ, ದದ್ದು ಬಂದರೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು, ಇಷ್ಟೇ ಅದರ ಅರ್ಥ. ಮನೆಮದ್ದಿನಲ್ಲಿ ಬಿಸಿನೀರಿನ ಚೀಲಕ್ಕೆ ನನ್ನ ಪೂರ್ತಿ ಬೆಂಬಲವಿದೆ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಿಬ್ಬೊಟ್ಟೆಯ ಮೇಲೆ ಬಿಡದೆ ಇಟ್ಟ ಹದವಾದ ಶಾಖ, ಐಬುಪ್ರೊಫೆನ್‌ಗೆ ಸರಿಸಮನಾಗಿ ಕೆಲಸ ಮಾಡಿತ್ತು. ಮೆಂತ್ಯ, ಓಮ, ಜೀರಿಗೆ ಕಷಾಯದಿಂದ ಕೆಡುಕಿಲ್ಲ. ಅದನ್ನು ಕುಡಿದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ಕೆಡುಕಿದೆ.

ಮಾತ್ರೆ ಸಾಲದಿದ್ದರೆ ಮುಂದಿನ ಹೆಜ್ಜೆ ಹಾರ್ಮೋನ್ ಗುಳಿಗೆ, ಅಂದರೆ ಗರ್ಭನಿರೋಧಕ ಗುಳಿಗೆಯೇ. ಅದು ಅಂಡಾಣು ಬಿಡುಗಡೆಯನ್ನು ನಿಲ್ಲಿಸಿ ಒಳಪದರವನ್ನು ತೆಳುವಾಗಿಸುತ್ತದೆ, ನೋವಿನ ಕಚ್ಚಾವಸ್ತುವೇ ಕಡಿಮೆಯಾಗುತ್ತದೆ. ಮದುವೆಯಾಗದ ಮಗಳಿಗೆ ಇದನ್ನು ಬರೆದಾಗ ತಾಯಿಯ ಮುಖ ಬಿಳಿಚಿಕೊಳ್ಳುವುದನ್ನು ನೋಡಿದ್ದೇನೆ. ಔಷಧಿ ಅಂಗಡಿಯವನು ಏನೆಂದುಕೊಂಡಾನು ಎಂಬ ಚಿಂತೆ. ಆತ ಏನು ಬೇಕಾದರೂ ಅಂದುಕೊಳ್ಳಲಿ.

ಈಗ ಎರಡನೆಯ ಗುಂಪಿಗೆ ಬರೋಣ. ಇಲ್ಲಿ ನೋವಿನ ಹಿಂದೆ ರೋಗವಿದೆ. ಪ್ರಾಥಮಿಕ ನೋವು ರಕ್ತ ಕಾಣುವ ಕೆಲವು ಗಂಟೆ ಮುಂಚೆಯೋ ಜೊತೆಗೋ ಬಂದು, ಹೆಚ್ಚೆಂದರೆ ಮೂರು ದಿನದಲ್ಲಿ ಬಿಡುತ್ತದೆ. ನೋವು ಮುಟ್ಟಿಗೆ ಮೂರು ನಾಲ್ಕು ದಿನ ಮೊದಲೇ ಹಿಡಿದರೆ, ಮುಟ್ಟು ನಿಂತಮೇಲೂ ಉಳಿದರೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋದರೆ, ಇಪ್ಪತ್ತೈದು ದಾಟಿದಮೇಲೆ ಹೊಸದಾಗಿ ಶುರುವಾದರೆ, ಸರಿಯಾಗಿ ತೆಗೆದುಕೊಂಡ ಮಾತ್ರೆಗೂ ಜಗ್ಗದಿದ್ದರೆ ಕಾರಣ ಹುಡುಕಲೇಬೇಕು.

ಇವುಗಳಲ್ಲಿ ಮುಖ್ಯವಾದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಪೊರೆಯ ಮೇಲೆ, ಕರುಳು ಮೂತ್ರಚೀಲಗಳ ಮೇಲೆ ಬೆಳೆಯುವುದು. ಹಾರ್ಮೋನಿನ ಏರಿಳಿತಕ್ಕೆ ಅದೂ ಓಗೊಡುತ್ತದೆ. ಅಲ್ಲೇ ಉರಿಯೂತವಾಗಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತ ಕಟ್ಟಿಕೊಂಡರೆ ಅದೇ ಚಾಕೊಲೇಟ್ ಸಿಸ್ಟ್. ಮುಟ್ಟಿನ ರಕ್ತ ಡಿಂಬನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಕ್ಕೆ ಹರಿಯುವುದರಿಂದ ಇದಾಗುತ್ತದೆ ಎಂದು ಅಮೆರಿಕದ ಜಾನ್ ಸ್ಯಾಂಪ್ಸನ್ 1927ರಲ್ಲಿ ವಾದಿಸಿದ. ಆದರೆ ಹಾಗೆ ಹಿಮ್ಮುಖ ಹರಿಯುವುದು ಬಹುತೇಕ ಎಲ್ಲ ಹೆಂಗಸರಲ್ಲೂ ಇದೆ, ರೋಗ ಮಾತ್ರ ಸುಮಾರು ಹತ್ತರಲ್ಲಿ ಒಬ್ಬರಿಗೆ. ಉಳಿದ ಒಂಬತ್ತು ಮಂದಿಗೆ ಯಾಕಿಲ್ಲ ಎಂಬುದಕ್ಕೆ ವಂಶವಾಹಿ, ರೋಗನಿರೋಧಕ ವ್ಯವಸ್ಥೆ ಎಂದು ಹಲವು ಉತ್ತರಗಳಿವೆ, ಪೂರ್ತಿ ಉತ್ತರ ಇನ್ನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ 19 ಕೋಟಿ ಹೆಣ್ಣುಮಕ್ಕಳಿಗೆ ಈ ರೋಗವಿದೆ.

ಇಷ್ಟು ಸಾಮಾನ್ಯವಾದ ರೋಗ ಗುರುತಾಗಲು ಹಲವು ವರ್ಷ ಹಿಡಿಯುತ್ತದೆ. ಒಂದು ಕಾರಣ, ‘ತಡ್ಕೋ’. ಇನ್ನೊಂದು, ಸಾಮಾನ್ಯ ಸ್ಕ್ಯಾನಿನಲ್ಲಿ ಇದು ಎಷ್ಟೋ ಸಲ ಕಾಣುವುದಿಲ್ಲ. ‘ಸ್ಕ್ಯಾನಿಂಗ್ ನಾರ್ಮಲ್ ಇದೆ’ ಎಂದರೆ ಮನೆಯವರ ಕಿವಿಗೆ ‘ಮಗಳು ಸುಳ್ಳು ಹೇಳ್ತಿದ್ದಾಳೆ’ ಎಂದು ಕೇಳಿಸುತ್ತದೆ. ಮೂರನೆಯದು ವಿಚಿತ್ರ: ರೋಗದ ಹರಹಿಗೂ ನೋವಿನ ಅಳತೆಗೂ ನೇರ ಸಂಬಂಧವಿಲ್ಲ. ನಿಂಬೆಗಾತ್ರದ ಸಿಸ್ಟ್ ಇಟ್ಟುಕೊಂಡು ಆರಾಮಾಗಿ ಓಡಾಡುವವರಿದ್ದಾರೆ, ಸಾಸಿವೆ ಕಾಳಿನಷ್ಟು ಚುಕ್ಕೆಗಳಿಂದ ನೆಲ ಹಿಡಿದವರಿದ್ದಾರೆ. ಆದ್ದರಿಂದ ನಾನು ಸ್ಕ್ಯಾನಿಗಿಂತ ಮೊದಲು ಕೇಳುವುದು ಯಾರೂ ತಾವಾಗಿ ಹೇಳದ ಮಾತುಗಳನ್ನು. ಮುಟ್ಟಿನ ದಿನ ಮಲವಿಸರ್ಜನೆಗೆ ಕೂತಾಗ ಚುಚ್ಚಿದಂತಾಗುತ್ತದೆಯೆ? ಗಂಡನ ಜೊತೆ ಕೂಡುವಾಗ ಒಳಗೆ ಆಳದಲ್ಲಿ ನೋಯುತ್ತದೆಯೆ? ಮುಟ್ಟಿನಲ್ಲಿ ಮಾತ್ರ ಮೂತ್ರ ಉರಿಯುತ್ತದೆಯೆ? ಅತ್ತೆ ಪಕ್ಕದಲ್ಲಿ ಕೂತಿದ್ದರೆ ಎರಡನೆಯ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಅದಕ್ಕೇ ಅವರನ್ನು ಹೊರಗೆ ಕಳಿಸುತ್ತೇನೆ. ಅವರಿಗೆ ಕೋಪ ಬರುತ್ತದೆ, ಬರಲಿ.

ಹಿಂದೆ ಲ್ಯಾಪರೋಸ್ಕೋಪಿ ಮಾಡಿ ಕಣ್ಣಾರೆ ನೋಡದೆ ಈ ರೋಗವನ್ನು ಒಪ್ಪುತ್ತಿರಲಿಲ್ಲ. 2022ರ ಯುರೋಪಿನ ಮಾರ್ಗಸೂಚಿ ಅದನ್ನು ಬದಲಿಸಿತು. ಲಕ್ಷಣ ಗಟ್ಟಿಯಾಗಿದ್ದರೆ ಹಾರ್ಮೋನ್ ಚಿಕಿತ್ಸೆ ಶುರುಮಾಡಬಹುದು, ಸ್ಕ್ಯಾನಿನಲ್ಲಿ ಕಾಣದೆ, ಔಷಧಿಗೂ ಜಗ್ಗದಿದ್ದಾಗ ಲ್ಯಾಪರೋಸ್ಕೋಪಿಯ ಮಾತು. ಡೈನೊಜೆಸ್ಟ್ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಬೇಕಾದವರಿಗೆ ಶಸ್ತ್ರಚಿಕಿತ್ಸೆ, ದಾರಿಗಳಿವೆ. ‘ಮದುವೆ ಮಾಡಿ, ಒಂದು ಮಗುವಾದರೆ ಸರಿಹೋಗುತ್ತೆ’ ಎಂಬುದು ಅವುಗಳಲ್ಲಿ ಒಂದಲ್ಲ. ಬಸಿರಿನಲ್ಲಿ ಮುಟ್ಟಿಲ್ಲದ್ದರಿಂದ ನೋವು ಕಡಿಮೆಯಾದೀತು, ಆಮೇಲೆ ಮರಳಬಹುದು. ಜೊತೆಗೆ, ಇದೇ ರೋಗದಿಂದ ಬಸಿರಾಗುವುದೇ ಕಷ್ಟವಾಗುವುದುಂಟು. ಆಗ ನೋವಿನ ಮೇಲೆ ಬಂಜೆ ಎಂಬ ಬಿರುದು ಬೇರೆ.

ಅಡಿನೊಮಯೋಸಿಸ್ ಇದರ ನಂಟಸ್ತಿಕೆಯ ರೋಗ. ಒಳಪದರದ ಅಂಗಾಂಶ ಗರ್ಭಕೋಶದ ಸ್ನಾಯುಗೋಡೆಯೊಳಕ್ಕೇ ಇಳಿಯುತ್ತದೆ. ಸಾಮಾನ್ಯವಾಗಿ ಕಾಣುವುದು ಮೂವತ್ತೈದು ದಾಟಿದವರಲ್ಲಿ. ಗರ್ಭಕೋಶ ದಪ್ಪಗಾಗಿ, ಮುಟ್ಟಿದರೆ ನೋಯುತ್ತದೆ, ಹೆಪ್ಪುಗಟ್ಟಿದ ರಕ್ತ ಬಹಳ ಹೋಗುತ್ತದೆ. ಫೈಬ್ರಾಯ್ಡ್ ಗಡ್ಡೆಗಳಲ್ಲಿ ನೋವಿಗಿಂತ ರಕ್ತಸ್ರಾವದ್ದೇ ಕಾಟ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥ ಮೈಯಿಂದ ತಿಂಗಳು ತಿಂಗಳೂ ಇಷ್ಟು ರಕ್ತ ಹೋದರೆ ‘ಸುಸ್ತು’ ಎಂಬ ಮಾತು ಬಹಳ ಸಣ್ಣದು. ಕಾಪರ್-ಟಿ ಹಾಕಿಸಿಕೊಂಡ ಮೊದಲ ಕೆಲವು ತಿಂಗಳು ನೋವು, ಸ್ರಾವ ಹೆಚ್ಚುವುದು ಇರುವುದೇ. ಹೆರಿಗೆ, ಗರ್ಭಪಾತದ ಬಳಿಕ ಸೋಂಕಾಗಿದ್ದರೆ ಜ್ವರ, ವಾಸನೆಯ ಬಿಳಿಸೆರಗು ಜೊತೆಗಿರುತ್ತವೆ. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯವನ್ನೂ ಮರೆಯುವಂತಿಲ್ಲ.

ಅಪರೂಪದ್ದಾದರೂ ಈ ಸಭೆಯಲ್ಲಿರುವ ಶಿಕ್ಷಕಿಯರಿಗಾಗಿ ಇನ್ನೊಂದನ್ನು ಹೇಳಬೇಕು. ಹದಿಮೂರು ಹದಿನಾಲ್ಕರ ಹುಡುಗಿ, ಇನ್ನೂ ಮೈನೆರೆದಿಲ್ಲ, ಆದರೆ ತಿಂಗಳಿಗೊಮ್ಮೆ ಹೊಟ್ಟೆನೋವು. ಹುಳುವಿನ ಔಷಧಿ ಕೊಟ್ಟಾಯಿತು, ದೃಷ್ಟಿ ತೆಗೆದಾಯಿತು. ಅವಳು ಮುಟ್ಟಾಗುತ್ತಲೇ ಇದ್ದಾಳೆ, ಯೋನಿದ್ವಾರದ ಪೊರೆ ಹುಟ್ಟಿನಿಂದ ಮುಚ್ಚಿಕೊಂಡಿರುವುದರಿಂದ ರಕ್ತ ಒಳಗೇ ತುಂಬುತ್ತಿದೆ. ಒಂದು ದಿನ ಮೂತ್ರ ಕಟ್ಟಿಕೊಂಡು ತುರ್ತು ವಿಭಾಗಕ್ಕೆ ಬರುತ್ತಾಳೆ. ಸಣ್ಣ ಶಸ್ತ್ರಚಿಕಿತ್ಸೆ, ಮರುದಿನ ಮನೆಗೆ. ಇದರದೇ ಇನ್ನೊಂದು ರೂಪದಲ್ಲಿ ಗರ್ಭಕೋಶ ಎರಡಾಗಿದ್ದು, ಒಂದು ಕಡೆ ಮಾತ್ರ ದಾರಿ ಮುಚ್ಚಿರುತ್ತದೆ. ಇನ್ನೊಂದು ಕಡೆಯಿಂದ ಮುಟ್ಟು ಸರಿಯಾಗಿಯೇ ಆಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅಂಥವರಲ್ಲಿ ಮುಚ್ಚಿದ ಕಡೆಯ ಮೂತ್ರಪಿಂಡವೂ ಸಾಮಾನ್ಯವಾಗಿ ಇರುವುದಿಲ್ಲ. ಎಂದೋ ಮಾಡಿಸಿದ ಸ್ಕ್ಯಾನಿನಲ್ಲಿ ‘ಒಂದೇ ಕಿಡ್ನಿ’ ಎಂದು ಬಂದಿದ್ದು, ಈಗ ಆ ಹುಡುಗಿಗೆ ವಿಪರೀತ ಮುಟ್ಟುನೋವಿದ್ದರೆ, ಆ ಹಳೆಯ ಕಾಗದವನ್ನು ಕೈಯಲ್ಲಿ ಹಿಡಿದೇ ವೈದ್ಯರ ಬಳಿ ಹೋಗಿ.

ತಡಮಾಡಲೇಬಾರದ ಎರಡು ನೋವುಗಳಿವೆ. ಮುಟ್ಟು ತಪ್ಪಿ, ಆಮೇಲೆ ಹೊಟ್ಟೆನೋವು, ತಲೆಸುತ್ತು ಬಂದರೆ ಅದು ಡಿಂಬನಾಳದಲ್ಲಿ ನಿಂತ ಬಸಿರಿರಬಹುದು. ಒಂದೇ ಪಕ್ಕದಲ್ಲಿ ಇದ್ದಕ್ಕಿದ್ದಂತೆ ಕಿತ್ತುಬರುವ ನೋವು, ವಾಂತಿ ಇದ್ದರೆ ಅಂಡಾಶಯ ತಿರುಚಿಕೊಂಡಿರಬಹುದು. ಇವಕ್ಕೆ ಬಿಸಿನೀರಿನ ಚೀಲವಲ್ಲ, ಆ ಗಳಿಗೆಯೇ ಆಸ್ಪತ್ರೆ.

ಇನ್ನು ‘ತೆಗೆಸ್ಕೋ’. ಗರ್ಭಕೋಶ ತೆಗೆಯುವುದು ಕೆಲವರಿಗೆ ಸರಿಯಾದ ಚಿಕಿತ್ಸೆ, ನಾನೂ ಮಾಡುತ್ತೇನೆ. ಆದರೆ 2015ರಲ್ಲಿ ಕಲಬುರಗಿಯಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳು ಬೀದಿಗಿಳಿದು ಪ್ರತಿಭಟಿಸಿದ್ದನ್ನು ನೆನಪಿಸಿಕೊಳ್ಳಿ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆಯಲಾಗಿತ್ತು ಎಂಬುದು ಅವರ ದೂರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ಹೊರಬಂತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಗುತ್ತಿಗೆದಾರನಾದ ಮುಕಾದಮನಿಗೆ ದಂಡ ಕಟ್ಟಬೇಕು, ಅದಕ್ಕಿಂತ ಗರ್ಭಕೋಶ ತೆಗೆಸಿಬಿಡುವುದೇ ಮೇಲು ಎಂಬ ಲೆಕ್ಕ. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥ ದೂರುಗಳು ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಏಪ್ರಿಲಿನಲ್ಲಿ ಕೋರ್ಟು, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು.

ವೈದ್ಯೆಯಾಗಿ ನನ್ನ ತಕರಾರು ಇನ್ನೂ ಸರಳ. ಕರುಳಿನ ಮೇಲೆ ಎಂಡೊಮೆಟ್ರಿಯೋಸಿಸ್ ಇದ್ದವಳ ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು. ಸೋಂಕಿನಿಂದ ನೋವಿದ್ದವಳಿಗೆ ಬೇಕಾದದ್ದು ಆ್ಯಂಟಿಬಯಾಟಿಕ್. ಜೊತೆಗೆ ಅಂಡಾಶಯಗಳನ್ನೂ ತೆಗೆದುಬಿಟ್ಟರೆ ಮೂವತ್ತೈದಕ್ಕೇ ಮುಟ್ಟು ನಿಂತ ಮೈ, ಸವೆಯುವ ಮೂಳೆ, ಹೃದ್ರೋಗದ ಅಪಾಯ. ಕೂಲಿ ಮಾಡುವ ಹೆಂಗಸಿಗೆ ಮೂಳೆ ಸವೆದರೆ ಅವಳ ಅನ್ನವೇ ಹೋಯಿತು.

ಇನ್ನು ರಜೆಯ ಮಾತು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಬಿಹಾರ 1992ರಲ್ಲೇ ಸರ್ಕಾರಿ ನೌಕರರಿಗೆ ತಿಂಗಳಿಗೆ ಎರಡು ದಿನ ಕೊಟ್ಟಿತ್ತು. ನಾನು ರಜೆಯ ಪರ. ಹೆಣ್ಣುಮಕ್ಕಳನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಹೆದರಿಸುವವರು ಹೆರಿಗೆ ರಜೆ ಬಂದಾಗಲೂ ಅದನ್ನೇ ಹೇಳಿದ್ದರು. ಆದರೆ ಹೋಟೆಲಿನ ಹಿಂದೆ ಪಾತ್ರೆ ತೊಳೆಯುವವಳಿಗೆ, ಇಟ್ಟಿಗೆ ಗೂಡಿನವಳಿಗೆ ಈ ರಜೆ ಹೇಗೆ ತಲುಪುತ್ತದೆ ಎಂಬುದು ನನಗೆ ಕಾಣುತ್ತಿಲ್ಲ. ತಿಂಗಳು ತಿಂಗಳೂ ರಜೆ ಹಾಕಲೇಬೇಕಾದಷ್ಟು ನೋವಿದ್ದವಳು ಮನೆಯಲ್ಲಿ ಮಲಗಿದರೆ ಸಾಲದು, ಅದರಲ್ಲಿ ಒಂದು ದಿನವನ್ನು ವೈದ್ಯರ ಬಳಿ ಹೋಗಲು ಇಟ್ಟುಕೊಳ್ಳಬೇಕು.

ಇದನ್ನೆಲ್ಲ ಬಾಯಿಬಿಟ್ಟು ಮಾತಾಡುವುದು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಮುಟ್ಟಿನ ಮೈಲಿಗೆಯಾದ ರಜಸ್ಸೂತಕವೂ ಸೇರಿದಂತೆ ಐದು ಸೂತಕಗಳನ್ನು ತಳ್ಳಿಹಾಕಿದರು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ‘ತಾಯಿ–ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ಹೆಣ್ಣಿನ ಮೈಯ ಬಗ್ಗೆ ಕನ್ನಡದಲ್ಲಿ ಸಂಕೋಚವಿಲ್ಲದೆ ಬರೆದರು. ಮಾತಾಡಲು ನಮಗೆ ಭಾಷೆಯೂ ಇದೆ, ಪರಂಪರೆಯೂ ಇದೆ.

ಹೆಣ್ಣುಮಕ್ಕಳೆ, ಮೂರು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ನೋವು ಬಂದ ದಿನ, ರಕ್ತ ಕಂಡ ದಿನ, ನೋವು ಬಿಟ್ಟ ದಿನ, ನುಂಗಿದ ಮಾತ್ರೆ, ತಪ್ಪಿದ ತರಗತಿ. ಅದನ್ನು ಕಿತ್ತುಕೊಂಡು ವೈದ್ಯರ ಮೇಜಿನ ಮೇಲಿಡಿ. ಯಾರಾದರೂ ಗರ್ಭಕೋಶ ತೆಗೆಯಬೇಕು ಎಂದರೆ, ಯಾವ ಕಾಯಿಲೆಗೆ ಎಂಬುದನ್ನು ಬರೆಸಿಕೊಳ್ಳಿ, ಇನ್ನೊಬ್ಬ ವೈದ್ಯರನ್ನು ಕಾಣಿ. ತೆಗೆದದ್ದೇ ಆದರೆ ಬಯಾಪ್ಸಿ ವರದಿಯನ್ನು ಕೇಳಿ ಪಡೆಯಿರಿ. ಈಗ ಪ್ರಶ್ನೆಗಳ ಚೀಟಿಗಳು ಬರಲಿ. ಹೆಸರು ಬರೆಯುವುದು ಬೇಡ, ನೋವು ಯಾವ ದಿನ ಶುರುವಾಗುತ್ತದೆ ಎಂಬುದನ್ನು ಮಾತ್ರ ಬರೆಯುವುದನ್ನು ಮರೆಯಬೇಡಿ.